ಟಿವಿ ಗೇಮು ಮತ್ತು ಮಿಂಗೇಲ ಕಾಕಾನ ಗೋಡೆ

ಜೊಯಿಡಾದ ಬಸ್ಸು ತಪ್ಪಿದರೆ, ಇನ್ನೊಂದು ಬಸ್ಸು ಬರುವ ತನಕ ದಾಂಡೇಲಿಯಲ್ಲಿ ಬೇಡವಾದ ಏನನ್ನು ಬೇಕಾದರೂ ಕೊಳ್ಳಬಹುದು. ನಾನು ಕೊಂಡಿದ್ದೇನೆ. ಮುಚ್ಚಳವಿಲ್ಲದ ಹಿತ್ತಾಳೆ ಡಬ್ಬಿ, ಮೂರೇ ಕಾಲಿನ ಮೇಲೆ ನಿಲ್ಲುವ ನಾಲ್ಕು ಕಾಲಿನ ಸ್ಟೂಲು, ಯಾರದೋ ಮದುವೆಯಲ್ಲಿ ಯಾರೋ ಯಾರಿಗೋ ಕೊಟ್ಟ ಗೋಡೆ ಗಡಿಯಾರ, ಇವೆಲ್ಲ ನಮ್ಮ ಮನೆ ಸೇರಿದ್ದು ಬಸ್ಸು ತಪ್ಪಿದ ದಿನಗಳಲ್ಲಿಯೇ. ಜೊಯಿಡಾದ ಹೈಸ್ಕೂಲಿನಲ್ಲಿ ನಾನು ಗಣಿತ ಕಲಿಸುತ್ತೇನೆ. ತಡವಾಗಿ ಬಂದ ಮಕ್ಕಳನ್ನು ಬಾಗಿಲಲ್ಲಿ ನಿಲ್ಲಿಸಿ ಮಗ್ಗಿ ಕೇಳುವ ಈ ಟೀಚರು ವಾರಕ್ಕೊಮ್ಮೆ ಬಸ್ಸು ತಪ್ಪಿಸಿಕೊಳ್ಳುತ್ತಾಳೆಂಬ ಸಂಗತಿ ಅವರ ಕಿವಿಗೆ ಬೀಳದಿರಲಿ ಎಂದು ನಿಮ್ಮಲ್ಲಿ ವಿನಂತಿ.

ಅವತ್ತು ಬಸ್ಸು ಹೋದ ದಿಕ್ಕನ್ನು ಒಂದಷ್ಟು ಹೊತ್ತು ಸಿಟ್ಟಿನಿಂದ ನೋಡಿ, ಹೆಡ್ಮಾಸ್ತರರಿಗೆ ಫೋನು ಮಾಡಿ ಅರ್ಧ ದಿನದ ರಜೆ ಕೇಳಿ, ಇಸ್ಮಾಯಿಲ್ ಭಾಯಿಯ ಹಳೇ ಸಾಮಾನಿನ ಅಂಗಡಿ ಹೊಕ್ಕೆ. ಬೇಕಾಗಿದ್ದದ್ದು ಕುಕ್ಕರಿನ ಹಿಡಿಕೆ. ಕೆಟ್ಟ ಮಿಕ್ಸರುಗಳ ರಾಶಿಯ ಕೆಳಗಿನಿಂದ ಒಂದು ವೈರು ಹೊರಗೆ ಇಣುಕುತ್ತಿತ್ತು. ಹಿಡಿದು ಎಳೆದೆ. ಅದರ ತುದಿಗೆ ಅಂಗೈಯಗಲದ ಪ್ಲಾಸ್ಟಿಕ್ ತುಂಡೊಂದು ಬಂತು. ಎಡಕ್ಕೆ ಕೂಡಿಸುವ ಚಿಹ್ನೆಯಂಥ ಕಪ್ಪು ಗುಂಡಿ, ನಡುವೆ ಆಟ ನಿಲ್ಲಿಸುವ ಸಣ್ಣ ಗುಂಡಿ, ಬಲಕ್ಕೆ ಎರಡು ಕೆಂಪು ಗುಂಡಿ. ನನಗಿಂತ ಮೊದಲು ನನ್ನ ಹೆಬ್ಬೆರಳು ಅದನ್ನು ಗುರುತಿಸಿತು, ತಾನಾಗಿಯೇ ಹೋಗಿ ಕೆಂಪು ಗುಂಡಿಯ ಮೇಲೆ ಕುಳಿತುಬಿಟ್ಟಿತು. ಇನ್ನಷ್ಟು ಎಳೆದಾಗ ಹಳದಿ ತಿರುಗಿದ ಬಿಳಿಯ ಪೆಟ್ಟಿಗೆ ಬಂತು. ಪೆಟ್ಟಿಗೆಯ ನೆತ್ತಿಯ ಸೀಳಿನಲ್ಲಿ ಹಳದಿ ಬಣ್ಣದ ಒಂದು ಕ್ಯಾಸೆಟ್ಟು ಇನ್ನೂ ಸಿಕ್ಕಿಕೊಂಡೇ ಇತ್ತು.

"ಭಾಯಿ, ಇದು ಚಾಲೂ ಐತೇನ್ರಿ?"

"ಅದು ಏನಂಬೋದೇ ನನಗ ಗೊತ್ತಿಲ್ರಿ ಮೇಡಂ, ಚಾಲೂ ಐತೋ ಇಲ್ಲೋ ಹೆಂಗ ಹೇಳ್ಲಿ? ಗೋವಾ ಕಡಿಂದ ಬಂದ ಗುಜರಿಯೊಳಗ ಇತ್ತು."

"ಟಿವಿ ಗೇಮು ರೀ ಇದು!"

"ಹಂಗಾದ್ರ ಒಯ್ಯರಿ, ನಿಮ್ಮ ಮನ್ಯಾಗ ಹುಡುಗರು ಆಡ್ಕೋತಾವು."

ಆಡುವ ಹುಡುಗಿ ನಾನೇ ಎಂದು ಹೇಳಲು ನಾಚಿಕೆಯಾಗಿ "ಹೂಂ" ಎಂದೆ. ಕುಕ್ಕರಿನ ಹಿಡಿಕೆ ಮರೆತೇಹೋಯಿತು. ಈಗಲೂ ನಮ್ಮ ಮನೆಯಲ್ಲಿ ಕುಕ್ಕರನ್ನು ಇಕ್ಕಳದಿಂದಲೇ ಇಳಿಸುತ್ತೇವೆ.

ಈ ಪೆಟ್ಟಿಗೆ ಕಂಡು ನಾನು ಯಾಕೆ ಅಷ್ಟು ಹಿಗ್ಗಿದೆ, ಹಿಗ್ಗಿದ ಮರುಗಳಿಗೆಯೇ ಯಾಕೆ ಮುಖ ಸಣ್ಣದಾಯಿತು ಎಂದು ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ನಾನು ಕಾಗದದ ಮಿಲ್ಲಿನ ಕ್ವಾರ್ಟರ್ಸಿನಲ್ಲಿ ಬೆಳೆದವಳು. ಅಪ್ಪ ಧಾರವಾಡದ ಕಡೆಯ ಹಳ್ಳಿಯಿಂದ ಮಿಲ್ಲಿನ ಕೆಲಸಕ್ಕೆಂದು ಬಂದವರು. ನಮ್ಮ ಸಾಲಿನಲ್ಲಿ ಎಂಟು ಮನೆ, ಒಂದರ ಬೆನ್ನಿಗೆ ಒಂದು, ಇಬ್ಬರಿಗೆ ಒಂದೇ ಗೋಡೆ. ಇವರ ಮನೆಯ ಒಗ್ಗರಣೆಗೆ ಅವರ ಮನೆಯಲ್ಲಿ ಸೀನು. ಮಿಲ್ಲಿನ ಭೋಂಗಾ ಕೂಗಿದಾಗ ಎದ್ದು, ಭೋಂಗಾ ಕೂಗಿದಾಗ ಉಂಡು ಬೆಳೆದ ನಮಗೆ ಕೈಗಡಿಯಾರ ಕಟ್ಟುವವರೆಲ್ಲ ಷೋಕಿಯವರಂತೆ ಕಾಣುತ್ತಿದ್ದರು. ಅಂಚು ಹರಿದ ಕಾಗದಕ್ಕಂತೂ ಕೊರತೆಯೇ ಇರಲಿಲ್ಲ. ಅವ್ವ ಅದನ್ನು ಸಂಡಿಗೆಯ ಕೆಳಗೂ ಹಾಸುತ್ತಿದ್ದಳು, ಟ್ರಂಕಿನೊಳಗೂ ಹಾಸುತ್ತಿದ್ದಳು. ನಾನು ಲೆಕ್ಕದ ಟೀಚರಾದದ್ದು ಬುದ್ಧಿಯಿಂದಲ್ಲ, ತಪ್ಪು ಮಾಡಿ ಬಿಸಾಡಲು ಬೇಕಾದಷ್ಟು ಹಾಳೆ ಇದ್ದದ್ದರಿಂದ ಎಂದು ಅಣ್ಣ ಈಗಲೂ ಹೇಳುತ್ತಾನೆ.

ನಾನು ಐದನೆಯ ಇಯತ್ತೆ ಮುಗಿಸಿದ ಬೇಸಿಗೆಯಲ್ಲಿ ವಾಸ್ಕೋದಲ್ಲಿದ್ದ ಸೋದರಮಾವ ಟಿವಿ ಗೇಮು ತಂದುಕೊಟ್ಟ. ಜೊತೆಗೆ ಇಂಥದೇ ಹಳದಿ ಬಣ್ಣದ ಒಂದೇ ಕ್ಯಾಸೆಟ್ಟು. ಅದರ ಮೇಲೆ ದಪ್ಪ ಅಕ್ಷರದಲ್ಲಿ ಒಂಬತ್ತು ಸಾವಿರದ ಒಂಬೈನೂರ ತೊಂಬತ್ತೊಂಬತ್ತು ಆಟಗಳಿವೆ ಎಂದು ಬರೆದಿತ್ತು. ದಿನಕ್ಕೆ ಎರಡು ಆಟ ಆಡಿದರೂ ನನ್ನ ಮದುವೆಯ ತನಕ ಸಾಲುತ್ತವೆ ಎಂದು ಕಾಗದದ ಮೇಲೆ ಲೆಕ್ಕ ಹಾಕಿಟ್ಟೆ. ನೋಡಿದರೆ ಇದ್ದವು ಏಳೇ ಆಟ, ಅವೇ ಬೇರೆ ಬೇರೆ ಹೆಸರಿನಲ್ಲಿ ಮತ್ತೆ ಮತ್ತೆ ಬರುತ್ತಿದ್ದವು. ಏಳರಲ್ಲಿ ಆರನ್ನು ನಾವು ಒಂದೇ ವಾರದಲ್ಲಿ ಬೇಸತ್ತು ಬಿಟ್ಟೆವು. ಉಳಿದದ್ದು ಒಂದು.

ಅದರಲ್ಲಿ ಒಬ್ಬ ಗಿಡ್ಡ ಮನುಷ್ಯ. ಬೆನ್ನ ಮೇಲೆ ಒಂದು ಗಂಟು. ಅವನು ಕಾಡಿನಲ್ಲಿ ಎಡದಿಂದ ಬಲಕ್ಕೆ ಓಡುತ್ತಾನೆ. ಎದುರಿನಿಂದ ಉರುಳಿ ಬರುವ ದಿಮ್ಮಿ ಹಾರಬೇಕು, ಮುಳ್ಳುಹಂದಿ ಹಾರಬೇಕು. ಆ ಗಂಟಿನಲ್ಲೇನಿದೆ, ಎಲ್ಲಿಗೆ ಹೊರಟಿದ್ದಾನೆ, ಕ್ಯಾಸೆಟ್ಟು ಏನೂ ಹೇಳುತ್ತಿರಲಿಲ್ಲ. ಮೂರನೆಯ ಕಾಡಿನಲ್ಲಿ ನೀರು ತುಂಬಿದ ಒಂದು ದೊಡ್ಡ ಹೊಂಡ, ನಮ್ಮ ಮಾತಿನಲ್ಲಿ ಕುಣಿ, ಬರುತ್ತಿತ್ತು. ಕುಣಿಯ ನಡುವೆ ಒಂದು ಮರದ ತುಂಡು ಮೇಲೆ ಕೆಳಗೆ ತೇಲುತ್ತಿತ್ತು. ಅದು ಸರಿಯಾಗಿ ಮೇಲೆ ಬರುವ ಹೊತ್ತಿಗೆ ಹಾರಿ ಅದರ ಮೇಲೆ ಕಾಲಿಟ್ಟು ಆಚೆ ದಂಡೆ ಸೇರಬೇಕು. ಅಣ್ಣ ಬಿದ್ದ, ನಾನು ಬಿದ್ದೆ, ಮಾವನೂ ಒಮ್ಮೆ ರಜೆಯಲ್ಲಿ ಬಂದು ಬಿದ್ದು ಹೋದ. ಆ ಕುಣಿಯನ್ನು ನಾನು ಇವತ್ತಿಗೂ ದಾಟಿಲ್ಲ ಎಂದು ಬರೆಯಲು ಕುಳಿತವಳು, ಈಗ ಹಾಗೆ ಬರೆಯುವಂತಿಲ್ಲ. ಅದೇ ಈ ಪ್ರಬಂಧದ ವಿಷಯ.

ಗೇಮನ್ನು ಟಿವಿಗೆ ಹಚ್ಚಿದ ರೀತಿಯನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ದಾಂಡೇಲಿಯೆಂದರೆ ಗುಡ್ಡ, ಕಾಡುಗಳ ನಡುವಿನ ತಗ್ಗು. ಟಿವಿಯ ಚಿತ್ರ ಅಲ್ಲಿಗೆ ಇಳಿಯಲು ಹಿಂದೆಮುಂದೆ ನೋಡುತ್ತಿತ್ತು. ಅದಕ್ಕೆ ನಮ್ಮ ಸಾಲಿನವರೆಲ್ಲ ಸೇರಿ ಒಂದು ಎತ್ತರದ ಕಬ್ಬಿಣದ ಕಂಬ ನಿಲ್ಲಿಸಿ, ತುದಿಗೆ ಒಂದೇ ಅಂಟೆನಾ ಕಟ್ಟಿ, ಅದರಿಂದ ಎಂಟೂ ಮನೆಗೆ ವೈರು ಎಳೆದುಕೊಂಡಿದ್ದರು. ಗೇಮು ಆಡಬೇಕಾದರೆ ಟಿವಿಯಿಂದ ಅಂಟೆನಾದ ವೈರು ಬಿಚ್ಚಿ ಆ ಜಾಗಕ್ಕೆ ಗೇಮಿನ ವೈರು ಹಚ್ಚಬೇಕು. ಆದರೆ ಆ ವೈರಿಗೆ ಯಾರೂ ಕೈ ಹಚ್ಚಬಾರದೆಂದು ಅಪ್ಪನ ಕಟ್ಟಪ್ಪಣೆ. ಅಣ್ಣ ಬಲು ಶಾಣ್ಯಾ. ಅಂಟೆನಾದ ವೈರು ಬಿಚ್ಚದೆ, ಅದರ ಜೊತೆಗೇ ಗೇಮಿನ ವೈರನ್ನೂ ಹೊಸೆದು ಮೇಲೊಂದು ಕರಿ ಟೇಪು ಸುತ್ತಿದ. ಚಿತ್ರ ಬಂತು. ಹೊಸೆದ ಆ ವೈರನ್ನು ನೀವು ನೆನಪಿನಲ್ಲಿಟ್ಟುಕೊಳ್ಳಿ, ನಾವಂತೂ ಮರೆತುಬಿಟ್ಟೆವು.

ಮಧ್ಯಾಹ್ನದ ಹೊತ್ತು ಟಿವಿಯಲ್ಲಿ ಆಗ ಯಾವ ಕಾರ್ಯಕ್ರಮವೂ ಇರುತ್ತಿರಲಿಲ್ಲ. ಹಚ್ಚಿದರೆ ಬರೀ ಚುಕ್ಕಿ. ಅದು ನಮ್ಮ ಆಟದ ಸಮಯ. ಊಟವಾಗಿ ಅವ್ವ ಅಡ್ಡಾದ ಮೇಲೆ ಶುರು ಮಾಡಿದರೆ ಸಂಜೆಯ ಭೋಂಗಾ ಕೂಗುವ ತನಕ. ನಮಗೆ ಮೆಲ್ಲಗೆ ಆಡಲು ಬರುತ್ತಿರಲಿಲ್ಲ. ಕುಣಿ ಹತ್ತಿರ ಬಂದ ಹಾಗೆ ಇಬ್ಬರೂ ಕೂಗಾಡುತ್ತಿದ್ದೆವು. ಗಂಟಿನ ಮನುಷ್ಯ ಬಿದ್ದರೆ ನಾನು ಮನೆ ಕಿತ್ತುಹೋಗುವ ಹಾಗೆ ಚೀರುತ್ತಿದ್ದೆ.

ಪಕ್ಕದ ಮನೆ ಮಿಂಗೇಲ ಕಾಕಾನದು. ಹಳಿಯಾಳ ತಾಲೂಕಿನ ಸಿದ್ದಿಯರ ಹಳ್ಳಿಯಿಂದ ಬಂದವನು, ಮಿಲ್ಲಿನ ಬಿದಿರು ಯಾರ್ಡಿನಲ್ಲಿ ಕೆಲಸ. ದೊಡ್ಡ ದನಿ, ದೊಡ್ಡ ನಗೆ. ಊರ ಹಬ್ಬದಲ್ಲಿ ಸಿದ್ದಿಯರ ಡೋಲು ಡಮ್ಮಾಮಿ ಬಾರಿಸಲು ಅವನೇ ಬೇಕು. ಕೈ ಸುಮ್ಮನಿರುತ್ತಿರಲಿಲ್ಲ, ನೀರು ತುಂಬುವ ಕೊಡವನ್ನೂ ಬೆರಳಿನಿಂದ ಬಾರಿಸಿಯೇ ನಲ್ಲಿಗೆ ಒಡ್ಡುವವನು. ನನ್ನನ್ನು ಕಂಡರೆ "ಏನ್ ಶೋಭಿ, ಇವತ್ತ ಯಾರನ್ನ ಬಡಿದಿ?" ಎಂದು ಕೇಳುತ್ತಿದ್ದ. ಆ ಬೇಸಿಗೆ ರಜೆ ಹಾಕಿ ಊರಿಗೆ ಹೋದಾಗ ಹಲಸಿನ ಮರ ಹತ್ತಿ ಬಿದ್ದು ಕಾಲು ಮುರಿದುಕೊಂಡ. ತೊಡೆಯ ತನಕ ಪ್ಲಾಸ್ಟರು ಹಾಕಿ ಕ್ವಾರ್ಟರ್ಸಿಗೆ ತಂದು ಮಂಚದ ಮೇಲೆ ಮಲಗಿಸಿದರು. ಫಿಲ್ಲು ಕಾಕು, ಅವನ ಹೆಂಡತಿ, ಹಗಲೆಲ್ಲ ಹೊಲಿಗೆ ಕೆಲಸಕ್ಕೆ ಹೋಗುತ್ತಿದ್ದಳು. ಮಧ್ಯಾಹ್ನ ಆ ಮನೆಯಲ್ಲಿ ಕಾಕಾ ಒಬ್ಬನೇ. ಅವನ ಮಂಚ ನಮ್ಮ ಗೋಡೆಗೆ ಹತ್ತಿ ಇತ್ತು.

ಅವನು ಬಂದು ಮಲಗಿದ ಎರಡನೆಯದೋ ಮೂರನೆಯದೋ ದಿನ ಗೋಡೆ ಬಡಿಯತೊಡಗಿತು. ನಾವು ಕೂಗಾಡುವ ಹೊತ್ತಿಗೆ ಸರಿಯಾಗಿ ಆಚೆಯಿಂದ ಕೋಲಿನ ಪೆಟ್ಟು, ಧಡ್, ಧಡ್, ಆಮೇಲೆ ಜೋರಾಗಿ ಧಡಾಲ್. ನಾವು ಗಪ್ಪಾದೆವು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಶುರು ಮಾಡಿದೆವು. ಕುಣಿ ಬಂತು, ಕೂಗಿದೆವು, ಮತ್ತೆ ಅದೇ ಪೆಟ್ಟು. ಅವ್ವ ಎದ್ದು ಬಂದಳು.

"ನಾಚಿಕಿ ಬರೂದಿಲ್ಲ ನಿಮಗ? ಕಾಲು ಮುರ್ಕೊಂಡು ಮಲಗ್ಯಾನ ಆ ಮನಷ್ಯಾ. ನಿಮ್ಮ ಗದ್ದಲಕ್ಕ ಗ್ವಾಡಿ ಬಡ್ಯಾಕತ್ತಾನ, ಕೇಳಸ್ತೈತಿಲ್ಲ?"

ನಾಲ್ಕು ದಿನ ದನಿ ಸಣ್ಣ ಮಾಡಿ, ಬಾಯಲ್ಲಿ ಟವೆಲು ತುರುಕಿಕೊಂಡು ಆಡಿದೆವು. ಪೆಟ್ಟು ನಿಲ್ಲಲಿಲ್ಲ. ಅವ್ವನಿಗೆ ತಡೆಯಲಾಗಲಿಲ್ಲ. ನಲ್ಲಿಯ ಹತ್ತಿರ ಫಿಲ್ಲು ಕಾಕುವಿಗೆ, "ನಮ್ಮ ಹುಡುಗರ ಗದ್ದಲಾ ಭಾಳ ಆಗೈತ್ರಿ, ಬೈತೇನಿ" ಎಂದಳು. ಹಗಲು ಮನೆಯಲ್ಲಿಲ್ಲದ ಕಾಕುವಿಗೆ ಏನು ಗೊತ್ತು, "ಇರಲಿ ಬಿಡ್ರಿ, ಹುಡುಗರು" ಎಂದಳು. ನಮ್ಮ ಕಡೆ ಈ 'ಇರಲಿ ಬಿಡ್ರಿ'ಯಲ್ಲಿ ಇರಲಿ ಅಂಬೋದು ಕಾಲು ಪಾಲು, ಬಿಡ್ರಿ ಅಂಬೋದು ಮುಕ್ಕಾಲು ಪಾಲು ಎಂದು ಅವ್ವನ ಲೆಕ್ಕ. ಮರುದಿನ ಹಳೇ ಸಾಮಾನಿಗೆ ಸ್ಟೀಲಿನ ಪಾತ್ರೆ ಕೊಡುವವಳು ಬುಟ್ಟಿ ಹೊತ್ತು ಸಾಲಿಗೆ ಬಂದಳು. ಶಾಲೆಯ ಅಂಗಳದಲ್ಲಿ ಆಡಿ ಮನೆಗೆ ಬರುವಷ್ಟರಲ್ಲಿ ನಮ್ಮ ಟಿವಿ ಗೇಮು ಒಂದು ಬೋಗುಣಿಯಾಗಿತ್ತು. ಅಣ್ಣ ಎರಡು ದಿನ ಉಪವಾಸ ಮಾಡುತ್ತೇನೆಂದು ಹೇಳಿ ಅದೇ ಬೋಗುಣಿಯಲ್ಲಿ ಕಲಸಿದ ಅವಲಕ್ಕಿ ತಿಂದ.

ನನಗೆ ಗೇಮು ಹೋದ ದುಃಖಕ್ಕಿಂತ ಕಾಕಾನ ಹೆದರಿಕೆ ಹೆಚ್ಚಾಗಿತ್ತು. ಅಷ್ಟು ನಗಿಸುವ ಮನುಷ್ಯ ಗೋಡೆ ಬಡಿಯಬೇಕಾದರೆ ಎಷ್ಟು ನೋವಾಗಿರಬೇಕು ಎಂದು ದಿನವೂ ಅಂದುಕೊಳ್ಳುತ್ತಿದ್ದೆ. ಮಳೆಗಾಲಕ್ಕೆ ಪ್ಲಾಸ್ಟರು ಬಿಚ್ಚಿ ಅವನು ಕೋಲೂರಿಕೊಂಡು ಹೊರಗೆ ಬಂದು "ಏನ್ ಶೋಭಿ" ಅಂದರೆ ನಾನು ಒಳಗೆ ಓಡುತ್ತಿದ್ದೆ. ತಪ್ಪಾಯಿತು ಕಾಕಾ ಎಂಬ ಎರಡು ಮಾತು ಬಾಯಿಗೆ ಬರಲಿಲ್ಲ. ಮುಂದೆ ಅವನು ನಿವೃತ್ತನಾಗಿ ಊರಿಗೆ ಹೋದ. ನಮ್ಮ ಅಪ್ಪನೂ ನಿವೃತ್ತರಾದರು, ತೀರಿಕೊಂಡರು. ನಾನು ಟೀಚರಾದೆ. ಪಾಠದ ನಡುವೆ ಪಕ್ಕದ ಕ್ಲಾಸಿನವರು ಗೋಡೆ ಬಡಿದರೆ ಈಗಲೂ ನನ್ನ ದನಿ ತಾನಾಗಿ ಇಳಿಯುತ್ತದೆ.

ಈಗ ಪೆಟ್ಟಿಗೆಗೆ ಬರೋಣ. ಮನೆಗೆ ತಂದೆ, ಒರೆಸಿದೆ, ಕ್ಯಾಸೆಟ್ಟು ಕಿತ್ತು ಬಾಯಿಗಿಟ್ಟು 'ಫೂ' ಎಂದು ಊದಿದೆ. ಹಾಗೆ ಊದಿದರೆ ಏನಾಗುತ್ತದೆಂದು ನನಗೆ ಆಗಲೂ ಗೊತ್ತಿರಲಿಲ್ಲ, ಈಗಲೂ ಗೊತ್ತಿಲ್ಲ. ಆದರೆ ಊದದೆ ಹಾಕಿದವರನ್ನು ನಾನು ಕಂಡಿಲ್ಲ. ಹಾಕಿ ನೋಡಿದರೆ ಗೋಡೆಗೆ ತೂಗುಹಾಕಿದ ನಮ್ಮ ತೆಳ್ಳಗಿನ ಟಿವಿಯ ಬೆನ್ನಿನಲ್ಲಿ ಹತ್ತೆಂಟು ತೂತು, ಈ ವೈರಿಗೆ ಹೊಂದುವುದು ಒಂದೂ ಇಲ್ಲ. ರಿಪೇರಿ ಅಂಗಡಿಯವನು ಫೋನಿನಲ್ಲಿ, "ಅದಕ್ಕ ಡಬ್ಬಾ ಟಿವಿನೇ ಬೇಕ್ರಿ, ಹೊಟ್ಟಿ ಇರೂದು" ಎಂದ. ಹೊಟ್ಟೆ ಇರುವ ಟಿವಿ ಈಗ ಯಾರ ಮನೆಯಲ್ಲಿದೆ? ಎಲ್ಲವೂ ಗುಜರಿ ಸೇರಿವೆ. ಅಲ್ಲಿಗೆ ನನ್ನ ಹುರುಪು ಅರ್ಧ ಇಳಿಯಿತು.

ಎಂಬತ್ತರ ಹೊಸ್ತಿಲಲ್ಲಿರುವ ಅವ್ವ ಕನ್ನಡಕ ಏರಿಸಿ ಪೆಟ್ಟಿಗೆಯನ್ನು ಸುತ್ತಲೂ ನೋಡಿದಳು.

"ಇದನ್ನ ಕೊಟ್ಟು ನಾ ಬೋಗುಣಿ ತಗೊಂಡಿದ್ನೆಲ್ಲ. ಬೋಗುಣಿ ತಿರಗಿ ಕೇಳಾಕ ಬಂದೈತೇನು?"

"ಇದು ಬ್ಯಾರೆ ಅವ್ವಾ. ಡಬ್ಬಾ ಟಿವಿ ಯಾರ ಮನ್ಯಾಗ ಐತಿ ಅಂತ ಗೊತ್ತೈತೇನು ನಿನಗ?"

ಅವ್ವ ಸೆರಗಿಗೆ ಕೈ ಹಾಕಿದಳು. ಗೊತ್ತಿದ್ದೂ ಹೇಳಲು ಮನಸ್ಸಿಲ್ಲದಾಗ ಸೆರಗಿನ ತುದಿ ಮಡಿಸುವುದು ಅವಳ ಅಭ್ಯಾಸ. ಮಡಿಸಿದಳು, ಬಿಚ್ಚಿದಳು.

"ಹಳಿಯಾಳ ಸಂತ್ಯಾಗ ಫಿಲ್ಲು ಸಿಕ್ಕಿದ್ಲು ಹೋದ ತಿಂಗಳ. ಮನ್ಯಾಗ ಹಳೇ ಟಿವಿ ಹಂಗ ಐತಿ, ಮಿಂಗೇಲಣ್ಣ ಮಾರಾಕ ಬಿಡವಲ್ಲ ಅಂತಿದ್ಲು. ಆದ್ರ ಶೋಭಾ, ಇದನ್ನ ತಗೊಂಡು ಅವರ ಮನಿಗೇ ಹೋಗ್ತಿಯೇನು? ಇದರ ಸಪ್ಪಳಕ್ಕ ಆ ಮನಷ್ಯಾ ಆವಾಗ ಎಷ್ಟ ತ್ರಾಸ ಪಟ್ಟಾನ!"

"ಅದಕ್ಕs ಹೋಗೂದವ್ವಾ. ತಪ್ಪಾತು ಅಂತ ಹೇಳಬೇಕು. ಇಷ್ಟ ವರ್ಷ ಹೇಳಿಲ್ಲ."

"ಹಂಗಾದ್ರ ನಾನೂ ಬರ್ತೇನಿ. ಆದ್ರ ದನಿ ಸಣ್ಣ ಇಟ್ಟು ಆಡಬೇಕು."

ಭಾನುವಾರ ಹಳಿಯಾಳದ ತನಕ ಬಸ್ಸು, ಅಲ್ಲಿಂದ ರಿಕ್ಷಾ. ನನ್ನ ತೊಡೆಯ ಮೇಲೆ ಪೆಟ್ಟಿಗೆ, ಅವ್ವನ ತೊಡೆಯ ಮೇಲೆ ಅದೇ ಬೋಗುಣಿ ತುಂಬ ಬೇಸನ್ ಉಂಡಿ. ಮೆಕ್ಕೆಜೋಳದ ಹೊಲ ದಾಟಿ ಅವರ ಮನೆಯ ಅಂಗಳಕ್ಕೆ ಇಳಿದಾಗ ಫಿಲ್ಲು ಕಾಕು ಹಳೇ ಸೀರೆಗಳ ತುಂಡು ಹರಡಿಕೊಂಡು ಕೌದಿ ಹೊಲಿಯುತ್ತಿದ್ದಳು. ಅವ್ವನನ್ನು ಕಂಡವಳೇ ಸೂಜಿ ಬಿಟ್ಟು ಎದ್ದು ಬಂದು ಕೈ ಹಿಡಿದುಕೊಂಡಳು. ಇಬ್ಬರೂ ಕ್ವಾರ್ಟರ್ಸಿನ ನಲ್ಲಿಯನ್ನು ನೆನೆದು ಅಲ್ಲಿಯೇ ನಿಂತು ಮಾತಿಗೆ ಹತ್ತಿದರು. ಸೊಸೆ ಮಕ್ಕಳನ್ನು ಕರೆದುಕೊಂಡು ಚರ್ಚಿಗೆ ಹೋಗಿದ್ದಳು. ಕಾಕಾ ಹಿತ್ತಲಲ್ಲಿ ಎಮ್ಮೆ ಮೀಯಿಸುತ್ತಿದ್ದ. ಕೂದಲು ಪೂರ್ತಿ ಬೆಳ್ಳಗಾಗಿದೆ, ಎಡಗಾಲು ಸ್ವಲ್ಪ ಎಳೆಯುತ್ತಾನೆ, ದನಿ ಮಾತ್ರ ಅದೇ.

"ಏನ್ ಶೋಭಿ! ಇವತ್ತ ಯಾರನ್ನ ಬಡಿದಿ?"

ಓಡಿ ಹೋಗುವ ಹಾಗಿರಲಿಲ್ಲ. "ಯಾರನ್ನೂ ಇಲ್ಲ ಕಾಕಾ" ಎಂದೆ. ತಪ್ಪಾಯಿತು ಎನ್ನುವ ಮಾತನ್ನು ಎಮ್ಮೆಯ ಎದುರಿಗೆ ಹೇಗೆ ಹೇಳುವುದೆಂದು ಮುಂದಕ್ಕೆ ಹಾಕಿದೆ. "ನಿಮ್ಮ ಟಿವಿಯೊಳಗ ಒಂದ ಆಟ ಚಾಲೂ ಐತೇನು ನೋಡಬೇಕಿತ್ತು" ಎಂದೆ. "ನೋಡs, ನಾ ಇದರ ಬೆನ್ನ ತಿಕ್ಕಿ ಬರ್ತೇನಿ" ಎಂದು ಅವನು ಎಮ್ಮೆಯ ಕಡೆಗೆ ತಿರುಗಿದ.

ನಡುಮನೆಯಲ್ಲಿ ಟಿವಿ ಇತ್ತು, ಹೊಟ್ಟೆಯಿರುವುದೇ. ಮೇಲೊಂದು ಕೌದಿ, ಕೌದಿಯ ಮೇಲೆ ಮರಿಯಮ್ಮನ ಸಣ್ಣ ಮೂರ್ತಿ. ಫಿಲ್ಲು ಕಾಕು ಮೂರ್ತಿಯನ್ನು ಕಿಟಕಿಗೆ ಇಟ್ಟು, ಶಿಲುಬೆ ಹಾಕಿಕೊಂಡು, ಕೌದಿ ಸರಿಸಿದಳು. ಈ ಸಲ ನಾನು ಅಂಟೆನಾದ ತೂತಿಗೆ ವೈರನ್ನು ಸರಿಯಾಗಿ ಸಿಗಿಸಿದೆ. ಕ್ಯಾಸೆಟ್ಟು ಊದಿದೆ. ಗುಂಡಿ ಒತ್ತಿ ಚಾನೆಲ್ಲು ಹುಡುಕುತ್ತ ಹೋದೆ. ಚುಕ್ಕಿ, ಚುಕ್ಕಿ, ಚುಕ್ಕಿ, ಆಮೇಲೆ ಒಮ್ಮೆಗೇ ಚಿತ್ರ ನಿಂತಿತು. ಏಳೇ ಆಟದ ಸುಳ್ಳು ಪಟ್ಟಿ. ನಾನು ಕೆಳಗಿಳಿಸಿ ಗಂಟಿನ ಮನುಷ್ಯನನ್ನು ಹುಡುಕಿದೆ. ಅವನು ಅಲ್ಲಿಯೇ ಇದ್ದ. ತಂತಿ ಮೀಟಿದಂಥ ಆ ಹಳೇ ಹಾಡು ಶುರುವಾಯಿತು. ಕಣ್ಣಲ್ಲಿ ನೀರು ಬಂತು ನನಗೆ, ಸುಳ್ಳು ಯಾಕೆ ಹೇಳಲಿ. ಹಿಂದಿನಿಂದ ಅವ್ವ, "ದನಿ ಸಣ್ಣ ಮಾಡ, ದನಿ ಸಣ್ಣ ಮಾಡ" ಎಂದು ನನ್ನ ಬೆನ್ನಿಗೆ ತಿವಿಯುತ್ತಿದ್ದಳು. ದನಿಯ ಗುಂಡಿ ಯಾವುದೆಂದು ನಾನು ಹುಡುಕುವಷ್ಟರಲ್ಲಿ ಹಿತ್ತಲ ಬಾಗಿಲಲ್ಲಿ ಕಾಕಾ ಬಂದು ನಿಂತ. ಒದ್ದೆ ಕೈಯಲ್ಲಿ ಎಮ್ಮೆಯ ಬೆನ್ನು ತಿಕ್ಕುವ ತೆಂಗಿನ ನಾರು ಹಾಗೆಯೇ ಇತ್ತು.

"ಅರೇ! ಫಿಲ್ಲು, ಈ ಸೀರಿಯಲ್ ಮತ್ತ ಚಾಲೂ ಆತೇನು?"

ಯಾರಿಗೂ ಏನೂ ತಿಳಿಯಲಿಲ್ಲ. ಕಾಕಾ ನಾರು ಬಿಟ್ಟು ಟಿವಿಯ ಹತ್ತಿರ ಬಂದು ಬಗ್ಗಿದ.

"ಅಂವನs! ಗಂಟ ಹೊತ್ತಂವ! ಕಾಲ ಮುರ್ಕೊಂಡ ಮಲಗಿದ್ನೆಲ್ಲ, ಆವಾಗ ದಿನಾ ಮಧ್ಯಾಹ್ನ ಬರ್ತಿತ್ತು ನೋಡು ಇದು. ಕರೇ ಬಿಳೇ ಇತ್ತು. ಈಗ ಬಣ್ಣ ಬಂದೈತಿ."

"ಮಧ್ಯಾಹ್ನ ಟಿವಿಯೊಳಗ ಏನೂ ಬರ್ತಿರಲಿಲ್ಲಲ್ಲ ಕಾಕಾ" ಎಂದೆ.

"ಎಲ್ಲಾರೂ ಹಂಗs ಅಂತಿದ್ರು. ಫಿಲ್ಲೂಗ ಹೇಳಿದ್ರ ಜ್ವರಾ ಬಂದೈತಿ ಅಂತ ಹಣಿ ಮುಟ್ಟಿ ನೋಡಿದ್ಲು. ಮನ್ಯಾಗ ಒಬ್ಬವ ಇರ್ತಿದ್ದೆ, ಬ್ಯಾಸರಕ್ಕ ಚುಕ್ಕಿನs ಹಚ್ಚಿ ಬಿಟ್ಟಿರ್ತಿದ್ದೆ. ಒಂದಿನಾ ಚುಕ್ಕಿಯೊಳಗಿಂದ ಇಂವಾ ಓಡಿ ಬಂದ."

ಹೊಸೆದ ವೈರು ನನಗೆ ಆಗ ನೆನಪಾಯಿತು. ಅಂಟೆನಾ ಒಂದೇ, ವೈರು ಎಂಟೂ ಮನೆಗೆ. ಅಣ್ಣ ಅಂಟೆನಾದ ವೈರು ಬಿಚ್ಚದೆ ಗೇಮಿನದನ್ನೂ ಅದಕ್ಕೇ ಹೊಸೆದಿದ್ದ. ನಮ್ಮ ಆಟ ಅದೇ ವೈರು ಹಿಡಿದು ಸಾಲಿನ ಎಲ್ಲ ಮನೆಗೂ ಹೋಗುತ್ತಿತ್ತು. ಉಳಿದ ಮನೆಗಳಲ್ಲಿ ಆ ಹೊತ್ತಿಗೆ ಟಿವಿ ಆರಿಸಿ ಎಲ್ಲರೂ ಮಲಗಿರುತ್ತಿದ್ದರು, ಇಲ್ಲವೇ ಮಿಲ್ಲಿಗೆ ಹೋಗಿರುತ್ತಿದ್ದರು. ಮಂಚ ಬಿಟ್ಟು ಏಳಲಾಗದ ಒಬ್ಬ ಮನುಷ್ಯ ಮಾತ್ರ ಚುಕ್ಕಿ ನೋಡುತ್ತ ಮಲಗಿದ್ದ.

"ಮತ್ತ ಗ್ವಾಡಿ ಯಾಕ ಬಡಿತಿದ್ರಿ ಮಿಂಗೇಲಣ್ಣಾ?" ಅವ್ವ ಮುಂದೆ ಬಂದು ಕೇಳಿದಳು.

"ಗ್ವಾಡಿ ಬಡಿತಿದ್ನೇನು ನಾನು? ಬಡದಿರಬೇಕು ಬಿಡ್ರಿ, ಕೈಯಾಗ ಕೋಲಿರ್ತಿತ್ತು. ಈ ಹುಚ್ಚಪ್ಯಾಲಿ ದಿನಾ ಒಂದs ಕುಣಿಯೊಳಗ ಬೀಳ್ತಿದ್ದ ಅಕ್ಕಾರ. ಆ ತುಂಡು ಮ್ಯಾಲೆ ಬರೂದಕ್ಕ ಒಂದು ತಾಳ ಐತಿ. ಎರಡು ಪೆಟ್ಟು ತಡೀಬೇಕು, ಮೂರನೇದಕ್ಕ ಜಿಗೀಬೇಕು. ನಾ ಮಂಚದ ಮ್ಯಾಲಿಂದ ಹೇಳಿದ್ದs ಹೇಳಿದ್ದು, ಈಗ ಜಿಗಿ, ಈಗ ಜಿಗಿ! ಎಲ್ಲಿ ಕೇಳಬೇಕು ಅಂವಾ. ಎಂಥಾ ದಡ್ಡನ್ನ ಹೀರೋ ಮಾಡ್ಯಾರ ಅಂತ ಸಿಟ್ಟು ಬರ್ತಿತ್ತು."

ಧಡ್, ಧಡ್, ಧಡಾಲ್. ಕುಣಿ ದಾಟುವ ದಾರಿಯನ್ನು ಆ ಮನುಷ್ಯ ದಿನಾ ಗೋಡೆಯಾಚೆಯಿಂದ ಹೇಳಿಕೊಡುತ್ತಿದ್ದ. ಒಂದು, ಎರಡು, ಮೂರು ಎಂದು ಎಣಿಸಲು ಬಾರದೆ ಅದನ್ನು ಬೈಗುಳವೆಂದು ತಿಳಿದವಳು ಮುಂದೆ ಗಣಿತದ ಟೀಚರಾದಳು.

"ಆ ದಡ್ಡ ನಾನs ಕಾಕಾ" ಎಂದೆ. ವೈರಿನ ಕಥೆ, ಅಣ್ಣನ ಕರಿ ಟೇಪು, ನಮ್ಮ ಚೀರಾಟ, ಎಲ್ಲ ಹೇಳಿದೆ. ಕಾಕಾ ಬಾಯಿ ತೆರೆದು ಕೇಳಿದ. ಆಮೇಲೆ ನಗತೊಡಗಿದ. ನೆಲಕ್ಕೆ ಕುಳಿತು, ತೊಡೆ ಬಡಿದು, ಕಣ್ಣು ಒರೆಸಿಕೊಂಡು ನಕ್ಕ. "ಆ ಹುಚ್ಚಪ್ಯಾಲಿ ನೀನs ಏನ? ಅಯ್ಯ ಶೋಭೀ!"

ಅವ್ವ ನಗಲಿಲ್ಲ. ಬಾಯಿಗೆ ಸೆರಗು ಹಿಡಿದುಕೊಂಡಿದ್ದಳು. "ನಿಮಗ ತ್ರಾಸ ಆಗಾಕತ್ತೈತಿ ಅಂತ ತಿಳಕೊಂಡು ನಾನs ಬಂದ್ ಮಾಡಿಸಿದ್ದೆ. ಅದನ್ನ ಕೊಟ್ಟು ಬೋಗುಣಿ ತಗೊಂಡೆ."

ಕಾಕಾನ ನಗೆ ಮೆಲ್ಲಗೆ ನಿಂತಿತು.

"ತ್ರಾಸ ಅದು ಬಂದ್ ಆದ ಮ್ಯಾಲೆ ಆತು ನೋಡ್ರಿ ಅಕ್ಕಾರ. ಪ್ಲಾಸ್ಟರ್ ಬಿಚ್ಚಾಕ ಇನ್ನೂ ಭಾಳ ದಿನ ಇತ್ತು. ಇವತ್ತ ಬರ್ತಾನ, ನಾಳೆ ಬರ್ತಾನ ಅಂತ ಬರೇ ಚುಕ್ಕಿ ನೋಡ್ಕೋತ ಮಲಗಿದ್ದೆ. ಇಂವಾ ಇದ್ದಾಗ ಒಂದು ಸಮಾಧಾನ ಇತ್ತು. ನಾ ಒಂದs ಸಲಾ ಬಿದ್ದೇನಿ, ಇಂವಾ ದಿನಕ್ಕ ಐವತ್ತ ಸಲಾ ಬೀಳ್ತಾನ, ಆದ್ರೂ ಎದ್ದು ಓಡ್ತಾನ ಅಂತ." ಟಿವಿಯ ಕಡೆ ಬೆರಳು ಮಾಡಿದ. "ಗಂಟ ಕಟ್ಕೊಂಡು ಊರಿಗೆ ಹೊಂಟಾನ ಅಂತ ನಾ ತಿಳಕೊಂಡಿದ್ದೆ. ಮುಟ್ಟಿದ್ನೋ ಇಲ್ಲೋ ಯಾರೂ ಹೇಳಲಿಲ್ಲ. ಆ ಕುಣಿ ದಾಟಿದ್ನೇನವಾ ಅಂವಾ?"

ಗೋಡೆಯ ಈಚೆ ನಾನು ಅವನ ಸಿಟ್ಟಿಗೆ ಹೆದರಿಕೊಂಡಿದ್ದ ದಿನಗಳಲ್ಲಿ ಆಚೆ ಅವನು ನನ್ನ ದಾರಿ ಕಾಯುತ್ತ ಮಲಗಿದ್ದ. ಇಷ್ಟು ವರ್ಷ ಕೂಡಿಟ್ಟುಕೊಂಡಿದ್ದ ತಪ್ಪಾಯಿತು ಎಂಬ ಮಾತನ್ನು ಆಗ ಹೇಳಿದೆ. ನನಗೆ ಗೊತ್ತಿದ್ದ ತಪ್ಪು ಒಂದು, ನಿಜವಾಗಿ ಮಾಡಿದ ತಪ್ಪು ಇನ್ನೊಂದು. ಕಾಕಾ ಅದನ್ನು ಕೇಳಿಸಿಕೊಳ್ಳಲೇ ಇಲ್ಲ.

"ಅದೆಲ್ಲಾ ಇರಲಿ. ದಾಟಿದ್ನೇನು?"

"ಇಲ್ಲ ಕಾಕಾ. ಒಮ್ಮೆಯೂ ಇಲ್ಲ."

"ಹಂಗಾದ್ರ ಏನ ಮಾರಿ ನೋಡ್ಕೋತ ಕುಂತಿ? ಆಡs!"

ಆಡಿದೆ. ಮೊದಲನೆಯ ಕಾಡಿನಲ್ಲೇ ಮುಳ್ಳುಹಂದಿಗೆ ಸಿಕ್ಕು ಸತ್ತೆ. ಬೆರಳಿಗೆ ನೆನಪಿತ್ತು, ಕಣ್ಣಿಗೆ ಚಾಳೀಸು ಬಂದಿತ್ತು. ಎರಡನೆಯ ಸಲ ದಿಮ್ಮಿಗೆ ಸಿಕ್ಕೆ. "ಆವಾಗ ಇದಕ್ಕಿಂತ ಚೊಲೋ ಆಡತಿದ್ದಿ" ಎಂದು ಕಾಕಾ. ಕೊನೆಗೆ ಮೂರನೆಯ ಕಾಡು ಮುಟ್ಟಿದೆ. ಕುಣಿ ಬಂತು. ಗಾಬರಿಯಲ್ಲಿ ಹಾರಿದೆ, ಬಿದ್ದೆ, ಹಳೇ ಅಭ್ಯಾಸದಂತೆ ಚೀರಿದೆ. ಮರುಗಳಿಗೆಯೇ ಬಾಯಿ ಮುಚ್ಚಿಕೊಂಡು ಅವ್ವನ ಕಡೆ ನೋಡಿದೆ.

"ಯಾಕ ಬಾಯಿ ಮುಚ್ಚಿದಿ?" ಎಂದಳು ಅವ್ವ. "ಚೀರು. ದನಿ ದೊಡ್ಡದ ಮಾಡು."

ಒಂದೇ ಜೀವ ಉಳಿದಿತ್ತು. ಕಾಕಾ ಎದ್ದು ಮೂಲೆಯಲ್ಲಿದ್ದ ಕೋಲು ತಂದ. ನನ್ನ ಹಿಂದೆ, ಗೋಡೆಗೆ ಬೆನ್ನು ಕೊಟ್ಟು ಕುಳಿತ. ಅವನ ಮುಖ ನನಗೆ ಕಾಣುತ್ತಿರಲಿಲ್ಲ. ಟಿವಿಯಲ್ಲಿ ಗಂಟಿನ ಮನುಷ್ಯ ಓಡುತ್ತ ಬಂದು ಕುಣಿಯ ಅಂಚಿನಲ್ಲಿ ನಿಂತ. ಮರದ ತುಂಡು ಮುಳುಗಿತು, ಎದ್ದಿತು. ನಾನು ಅದನ್ನು ನೋಡುವುದು ಬಿಟ್ಟೆ. ಗೋಡೆಯ ಕಡೆ ಕಿವಿಯಿಟ್ಟು ಕುಳಿತೆ.

ಧಡ್.

ಧಡ್.

ಮೂರನೆಯ ಪೆಟ್ಟಿಗೆ ಹೆಬ್ಬೆರಳು ಒತ್ತಿದೆ. ಅವನು ಹಾರಿದ, ತುಂಡಿನ ಮೇಲೆ ಕಾಲಿಟ್ಟ, ಇನ್ನೊಮ್ಮೆ ಹಾರಿದ. ಆಚೆ ದಂಡೆಯಲ್ಲಿ ನಿಂತ. ಅಲ್ಲಿ ಹಸಿರು ನೆಲ, ಒಂದು ಮರ, ಅದರಾಚೆ ನಾವು ಯಾರೂ ಕಾಣದ ಮುಂದಿನ ದಾರಿ. ನಾನು ಚೀರಿದೆ, ಅವ್ವನೂ ಚೀರಿದಳು. ನಾನು ಮುಂದೆ ಓಡಿಸಲು ಗುಂಡಿಗೆ ಬೆರಳು ಹಚ್ಚುವಷ್ಟರಲ್ಲಿ ಕಾಕಾ ನನ್ನ ಭುಜ ಹಿಡಿದ.

"ತಡಿ, ಓಡಸಬ್ಯಾಡ. ಭಾಳ ದಣದಾನ ಅಂವಾ. ಸ್ವಲ್ಪ ದಮ್ಮ ತಗೊಳ್ಳಲಿ."

ನಡುವಿನ ಗುಂಡಿ ಒತ್ತಿ ನಿಲ್ಲಿಸಿದೆ. ಹಾಡು ನಿಂತಿತು. ಫಿಲ್ಲು ಕಾಕು ಚಹಾ ತಂದಳು, ಅವ್ವ ಬೋಗುಣಿಯ ಮುಚ್ಚಳ ತೆಗೆದು ಉಂಡಿ ಹಂಚಿದಳು. ಅವನು ಗಂಟು ಹೊತ್ತುಕೊಂಡು ಮರದ ಕೆಳಗೆ ನಿಂತೇ ಇದ್ದ. ನಾವು ನಾಲ್ವರೂ ಅವನನ್ನೇ ನೋಡುತ್ತ ಚಹಾ ಕುಡಿದೆವು.